ಊರು ಬಿಟ್ಟವರ ಹೆಸರು

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರನ ಗುಡಿ ನೋಡಲು ದೂರದೂರದಿಂದ ಜನ ಬರುತ್ತಾರೆ. ಒಂಬತ್ತನೇ ಶತಮಾನದ ಆ ಗುಡಿಯ ಚಾವಣಿಯ ಭುವನೇಶ್ವರಿಯಲ್ಲಿ ಶಿವ ಕುಣಿಯುತ್ತಿದ್ದಾನೆ, ಸುತ್ತ ಅಷ್ಟದಿಕ್ಪಾಲಕರು. ಕತ್ತು ನೋಯುವವರೆಗೆ ನೋಡಿದರೂ ಸಾಲದು. ನೋಡಿ ಹೊರಗೆ ಬಂದವರನ್ನು ಊರಿನ ಹಿರಿಯರು ಮಾತಾಡಿಸುವುದು ಒಂದೇ ಪ್ರಶ್ನೆಯಿಂದ: “ಯಾವೂರಾಯ್ತಪ್ಪಾ?” ಬೆಂಗಳೂರು ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ. “ಅದ್ಸರಿ, ಸ್ವಂತ ಊರು?” ಎಂದು ಇನ್ನೊಮ್ಮೆ ಕೇಳುತ್ತಾರೆ. ಊರು ಗೊತ್ತಾದ ಮೇಲೆ ಯಾರ ಮನೆ ಎಂಬ ಮಾತು. ಹೆಸರಿನ ಸರದಿ ಬರುವುದು ಕೊನೆಗೆ.

ಹಳೇ ಮೈಸೂರಿನ ಸೀಮೆಯಲ್ಲಿ ನಮ್ಮ ಹೆಸರುಗಳನ್ನು ಕಟ್ಟಿರುವುದೂ ಇದೇ ಕ್ರಮದಲ್ಲಿ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನಾವು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ನಂಜುಂಡಯ್ಯನವರ ಮಗ ಶ್ರೀಕಂಠಯ್ಯ ‘ಭಾರತೀಯ ಕಾವ್ಯಮೀಮಾಂಸೆ’ ಬರೆದು ನಾಡಿಗೆಲ್ಲ ತೀ.ನಂ.ಶ್ರೀ. ಆದರು. ಅಲಂಕಾರಶಾಸ್ತ್ರ ಓದುವ ವಿದ್ಯಾರ್ಥಿ ಆ ‘ತೀ’ ಎಂಬಲ್ಲಿ ತನಗರಿವಿಲ್ಲದೆ ಒಂದು ಹಳ್ಳಿಯ ಹೆಸರು ಹೇಳುತ್ತಾನೆ. ಬಿ.ಎಂ.ಶ್ರೀ. 1884ರಲ್ಲಿ ಕಣ್ಣು ಬಿಟ್ಟದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಹೆಸರಿಗೆ ಬಂದದ್ದು ಮಾತ್ರ ತಂದೆಯ ಕಡೆಯ ಬೆಳ್ಳೂರು. ಸಂಪಿಗೆಗೆ ಅಲ್ಲಿ ಒಂದಕ್ಷರದ ಜಾಗವೂ ಸಿಗಲಿಲ್ಲ.

ಮನೆ ಮತ್ತು ಊರನ್ನು ಹೆಸರಾಗಿ ಹೊತ್ತವರು ಇನ್ನೂ ಇದ್ದಾರೆ, ಬಹಳ ದೂರದಲ್ಲಿ. ಸ್ಪೇನ್ ಮತ್ತು ಫ್ರಾನ್ಸ್ ನಡುವಿನ ಪಿರೆನೀಸ್ ಬೆಟ್ಟಗಳ ತಪ್ಪಲಲ್ಲಿ ಬಾಸ್ಕ್ ಜನರ ನಾಡಿದೆ. ಅವರ ನುಡಿ ಸುತ್ತಲಿನ ಯಾವ ಭಾಷೆಗೂ ನೆಂಟನಲ್ಲ. ಅವರಲ್ಲಿ ಬಹು ಪ್ರಸಿದ್ಧವಾದ ಅಡ್ಡಹೆಸರು ಎಚೆಬೆರ್ರಿಯಾ. ‘ಎಚೆ’ ಎಂದರೆ ಮನೆ, ‘ಬೆರ್ರಿ’ ಎಂದರೆ ಹೊಸದು. ನಮ್ಮ ಉತ್ತರ ಕರ್ನಾಟಕದ ಹೊಸಮನಿ! ಸ್ಪೇನಿನವರ ಬಾಯಲ್ಲಿ ಎಚೆವೆರಿಯಾ ಆಗಿ ಆ ಹೆಸರು ಅಟ್ಲಾಂಟಿಕ್ ದಾಟಿತು. 1970ರಿಂದ 1976ರವರೆಗೆ ಮೆಕ್ಸಿಕೋದ ಅಧ್ಯಕ್ಷರಾಗಿದ್ದವರು ಒಬ್ಬ ಎಚೆವೆರಿಯಾ. ಅದೇ ‘ಹೊಸ ಮನೆ’ ನವಾರ್ರೆಯ ಒಂದು ಕೋಟೆಮನೆಗೆ ಹೆಸರಾಗಿ, ಕ್ಸೇವಿಯರ್ ಎಂದು ತಿರುಗಿತು. ಅಲ್ಲಿ 1506ರಲ್ಲಿ ಹುಟ್ಟಿದ ಫ್ರಾನ್ಸಿಸ್ 1542ರಲ್ಲಿ ಗೋವೆಗೆ ಬಂದರು. ಅವರ ದೇಹ ಇಂದಿಗೂ ಹಳೇ ಗೋವೆಯಲ್ಲಿದೆ. ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಮಗುವಿಗೆ ಕ್ಸೇವಿಯರ್ ಎಂದು ಹೆಸರಿಟ್ಟ ತಾಯ್ತಂದೆಯರು ಯಾವುದೋ ಬೆಟ್ಟದೂರಿನ ಹೊಸ ಮನೆಯನ್ನು ಕರೆಯುತ್ತಿದ್ದಾರೆ.

ಬಾಸ್ಕ್ ಹಳ್ಳಿಗಳಲ್ಲಿ ಮನೆಯ ಹೆಸರು ಬಿಟ್ಟಿಯಾಗಿ ಸಿಗುತ್ತಿರಲಿಲ್ಲ. ಮನೆ ಮತ್ತು ಜಮೀನನ್ನು ಪಾಲು ಮಾಡದೆ ಒಬ್ಬರಿಗೇ ಬಿಡುವುದು ಅಲ್ಲಿನ ಹಳೆಯ ಪದ್ಧತಿ. ಎಷ್ಟೋ ಕಡೆ ಆ ಒಬ್ಬರು ಮಗಳೂ ಆಗಬಹುದಿತ್ತು. ಹಾಗೆ ಉಳಿದವರು ಮುದಿ ತಂದೆತಾಯಿಯನ್ನು ಸಾಕಬೇಕು, ಸೂರು ಸೋರದಂತೆ ನೋಡಬೇಕು. ಪ್ರತಿ ಮನೆಗೂ ಇಗರ್ಜಿಯ ನೆಲದಲ್ಲಿ ತನ್ನದೊಂದು ಸಮಾಧಿಯ ಜಾಗವಿತ್ತು. ಆ ಮನೆಯ ಹೆಂಗಸು ಅಲ್ಲಿ ಕೂತು, ಹಲಗೆಗೆ ಸುತ್ತಿದ ಮೇಣದ ಬತ್ತಿ ಹಚ್ಚಿ, ಮನೆಯಲ್ಲಿ ಬಾಳಿ ಹೋದವರೆಲ್ಲರಿಗಾಗಿ ಪ್ರಾರ್ಥಿಸುತ್ತಿದ್ದಳು. ಉಳಿದ ಅಣ್ಣತಮ್ಮಂದಿರು ಅಮೆರಿಕದ ಖಂಡಗಳಿಗೆ ಹಡಗು ಹತ್ತಿದರು, ಹೆಸರು ಕಟ್ಟಿಕೊಂಡು. ದಕ್ಷಿಣ ಅಮೆರಿಕದ ಹಲವು ನಾಡುಗಳನ್ನು ಸ್ಪೇನಿನಿಂದ ಬಿಡಿಸಿದ ಸಿಮೋನ್ ಬೊಲಿವಾರನ ಹಿರಿಯರು ಬಿಸ್ಕಾಯದ ಬೊಲಿಬಾರ್ ಎಂಬ ಪುಟ್ಟ ಹಳ್ಳಿಯವರು. ‘ಬೋಲು’ ಎಂದರೆ ಬೀಸುವ ಗಿರಣಿ, ‘ಇಬಾರ್’ ಎಂದರೆ ಕಣಿವೆ. ಗಿರಣಿ ಕಣಿವೆಯ ಹೆಸರು ಬೊಲಿವಿಯಾ ಎಂಬ ದೇಶದ ಹೆಸರೇ ಆಯಿತು. ಹಳ್ಳಿಯಲ್ಲಿ ಉಳಿದು ಬತ್ತಿ ಹಚ್ಚಿದವಳ ಹೆಸರು ಎಲ್ಲಿದೆ?

ಈ ಪ್ರಶ್ನೆ ನಮ್ಮ ತೆಂಗಿನ ಸೀಮೆಗೂ ಹೊಂದುತ್ತದೆ. ಅರಳಗುಪ್ಪೆಯಲ್ಲೇ ಇರುವವರಿಗೆ ಅರಳಗುಪ್ಪೆ ಎಂಬ ಹೆಸರು ಯಾತಕ್ಕೂ ಬೇಕಿಲ್ಲ. ಊರೊಳಗೆ ಗುರುತು ಹಿಡಿಯುವುದು ಮನೆಯಿಂದ: ದೊಡ್ಡಮನೆಯವರು, ಮೂಲೆಮನೆಯವರು, ಪಟೇಲರ ಮನೆಯವರು, ತೋಟದ ಮನೆಯವರು. ಪಹಣಿಯಲ್ಲಿ ಗಂಡಸಾದರೆ ಇಂಥವನ ಮಗನೆಂದು ‘ಬಿನ್’ ಹಾಕುತ್ತಾರೆ, ಮದುವೆಯಾದ ಹೆಂಗಸಾದರೆ ಇಂಥವನ ಹೆಂಡತಿಯೆಂದು ‘ಕೋಂ’. ಅಲ್ಲಿಗೆ ಮುಗಿಯಿತು. ಊರಿನ ಅಕ್ಷರ ಬೇಕಾಗುವುದು ಹೊರಗೆ ಕಾಲಿಟ್ಟ ಮೇಲೆ, ಹೈಸ್ಕೂಲಿಗೋ ಹಾಸ್ಟೆಲಿಗೋ ಸರ್ಕಾರಿ ಕೆಲಸಕ್ಕೋ ಸೇರುವಾಗ. ತೀರ್ಥಪುರದಲ್ಲಿ ಯಾರೂ ಶ್ರೀಕಂಠಯ್ಯನನ್ನು ತೀರ್ಥಪುರದವನೆಂದು ಕರೆದಿರಲಾರರು. ನಮ್ಮ ಹೆಸರಿನ ಮುಂದಿರುವ ಅಕ್ಷರ ನಾವು ಹೊರಟು ಬಂದೆವೆಂಬುದಕ್ಕೆ ಸಾಕ್ಷಿ. ತಿಪಟೂರಿನ ಕೊಬ್ಬರಿಯೂ ಊರ ಹೆಸರು ಹೊರುವುದು ಮಾರುಕಟ್ಟೆಯಿಂದ ಚೀಲದಲ್ಲಿ ಹೊರಬಿದ್ದ ಮೇಲೆಯೇ. ತೋಟದ ಅಟ್ಟದ ಮೇಲೆ ಅದು ಬರೀ ಕೊಬ್ಬರಿ.

ಆ ಅಕ್ಷರಕ್ಕೆ ಒಂದು ದೊಡ್ಡ ಗುಣವಿದೆ, ಅದನ್ನು ಮನಸಾರೆ ಮೆಚ್ಚುತ್ತೇನೆ. ಅದು ಜಾತಿ ಹೇಳುವುದಿಲ್ಲ. ಅಗ್ರಹಾರದವನಿಗೂ ಕುರುಬರ ಕೇರಿಯವನಿಗೂ ಹೊಲಗೇರಿಯವನಿಗೂ ಒಂದೇ ಅಕ್ಷರ. ಊರಿನ ಬಾವಿಯಲ್ಲಿ, ಗುಡಿಯಲ್ಲಿ ಸಿಗದ ಸಮಾನತೆ ಹಾಜರಿ ಪುಸ್ತಕದಲ್ಲಿ ಸಿಕ್ಕಿತು. ದೇವನೂರ ಮಹಾದೇವ ಅವರು ನಂಜನಗೂಡು ತಾಲ್ಲೂಕಿನ ತಮ್ಮ ಹಳ್ಳಿಯನ್ನು ಒಂದಕ್ಷರಕ್ಕೆ ಇಳಿಸದೆ ಇಡಿಯಾಗಿ ಹೆಸರಿನ ಮುಂದೆ ಇಟ್ಟುಕೊಂಡಿದ್ದಾರೆ. ಹಳ್ಳಿಗಳು ದಲಿತರನ್ನು ಹೊರಗಿಟ್ಟ ನಾಡಿದು. ಅಂಥಲ್ಲಿ ಒಬ್ಬ ದಲಿತ ಲೇಖಕ ಊರನ್ನು ತನ್ನದೆಂದು ಹೊತ್ತು, ಅದಕ್ಕೆ ಕನ್ನಡ ಇರುವವರೆಗೆ ಬಾಳುವ ಕೀರ್ತಿ ಕೊಟ್ಟದ್ದನ್ನು ನೆನೆದಾಗೆಲ್ಲ ಊರೇ ಅವರ ಸಾಲಗಾರ ಅನ್ನಿಸುತ್ತದೆ. ದಲಿತರ ಕೇರಿಯ ಮಗುವಿಗೆ ಊರಿನ ಋಣ ತೀರಿಸು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಊರಿನ ಅಕ್ಷರ ಹೊತ್ತ ಉಳಿದ ನಮಗೆ ಆ ಋಣ ಇದೆ. ಕೊಡಗಿನಲ್ಲಿ ಅದು ಇವತ್ತಿಗೂ ಕಣ್ಣಿಗೆ ಕಾಣುತ್ತದೆ. ಕೋದಂಡೇರ ಮಾದಪ್ಪ ಕಾರ್ಯಪ್ಪ, ಕೋದಂಡೇರ ಸುಬ್ಬಯ್ಯ ತಿಮ್ಮಯ್ಯ, ಈ ಇಬ್ಬರು ಸೇನಾಪತಿಗಳ ಹೆಸರು ಶುರುವಾಗುವುದು ಒಕ್ಕದಿಂದ, ಅಂದರೆ ಮನೆತನದಿಂದ. ಒಕ್ಕಕ್ಕೊಂದು ಐನ್‌ಮನೆ ಎಂಬ ಮೂಲಮನೆ, ಎಲ್ಲಿ ಚದುರಿದ್ದರೂ ಕುಟುಂಬದವರು ಅಲ್ಲಿ ಸೇರಿ ಹಿರಿಯರಿಗೆ ಎಡೆ ಇಡುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಅಂಥ ಕಟ್ಟುಪಾಡಿಲ್ಲ, ಮನಸ್ಸಿದ್ದವರು ಮಾಡಬೇಕು. ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ ಎಸ್.ಎಲ್. ಭೈರಪ್ಪನವರ ಹೆಸರಿನ ಮೊದಲ ಅಕ್ಷರ. ಬಡತನ, ಪ್ಲೇಗು, ಸಾವು ಎಲ್ಲವನ್ನೂ ಅವರಿಗೆ ತೋರಿಸಿದ ಊರು ಅದು. ಇಳಿವಯಸ್ಸಿನಲ್ಲಿ ಅವರು ಆ ಊರಿನ ಕೆರೆಗೆ ನೀರು ತರುವ ಯೋಜನೆಗಾಗಿ ಸರ್ಕಾರವನ್ನು ಕೇಳಿಕೊಂಡರು. ಕೆರೆಗೆ ನೀರು ಬಂತು. 2025ರ ಮಾರ್ಚಿನಲ್ಲಿ ಊರಿನವರು ಅವರನ್ನು ಕರೆಸಿ ಮೆರೆಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಕಾದಂಬರಿಗಳ ಬಗ್ಗೆ ಯಾರಿಗೆ ಯಾವ ತಕರಾರಿದ್ದರೂ ಇರಲಿ, ಆ ‘ಎಸ್’ ಅಕ್ಷರದ ಬಾಕಿ ಅವರು ಉಳಿಸಿಕೊಳ್ಳಲಿಲ್ಲ.

ಈಗ ಆ ಅಕ್ಷರವೂ ಉದುರುತ್ತಿದೆ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಅಂಕಣ ತುಂಬಬೇಕಾದಾಗ ಅಪ್ಪನ ಹೆಸರು ಅಲ್ಲಿ ಕೂರುತ್ತದೆ. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗಳು ತಾತನ ಹೆಸರಿನಿಂದ ಶಾಲೆಯಲ್ಲಿ ಕರೆಸಿಕೊಳ್ಳುತ್ತಾಳೆ. ಅದರಲ್ಲಿ ತಪ್ಪೇನಿಲ್ಲ, ತಾತನಿಗೆ ಸಂತೋಷವೇ. ಊರು ಮಾತ್ರ ಕಾಗದದಿಂದ ಹೊರಗುಳಿಯಿತು.

ಕಾಗದಕ್ಕೆ ಎಂದೂ ಬಾರದ ಊರುಗಳು ಇನ್ನೊಂದಿಷ್ಟಿವೆ. ನಮ್ಮ ಮನೆಗಳಿಗೆ ಬಂದ ಸೊಸೆಯರನ್ನು ತವರೂರಿನಿಂದ ಕರೆಯುವುದು ಈ ಕಡೆಯ ವಾಡಿಕೆ: ಹೊನ್ನವಳ್ಳಿ ಅತ್ತೆ, ನೊಣವಿನಕೆರೆ ದೊಡ್ಡಮ್ಮ, ಅರಳಗುಪ್ಪೆ ಅಕ್ಕ. ಊರು ಬಿಟ್ಟವರಿಗೇ ಊರಿನ ಹೆಸರು ಎಂಬುದಾದರೆ ಈ ಹೆಂಗಸರಿಗಿಂತ ಹಕ್ಕುಳ್ಳವರು ಇಲ್ಲ. ಹದಿನಾರು ಹದಿನೇಳಕ್ಕೆಲ್ಲ ಬಿಟ್ಟು ಬಂದವರು ಅವರು. ಆದರೂ ಅವರ ಇನಿಶಿಯಲ್‌ನಲ್ಲಿ ಆ ಊರಿಲ್ಲ, ಪಹಣಿಯಲ್ಲಿ ಇಲ್ಲ, ಮಕ್ಕಳ ಹೆಸರಿನಲ್ಲಂತೂ ಇಲ್ಲವೇ ಇಲ್ಲ. ಬಾಯಲ್ಲಿ ಮಾತ್ರ ಉಳಿದದ್ದರಿಂದ ಇನ್ನೊಂದು ಕಡೆಯಿಂದಲೂ ನಷ್ಟವಾಗಿದೆ: ಹೊನ್ನವಳ್ಳಿ ಅಜ್ಜಿಯ ಸ್ವಂತ ಹೆಸರೇನೆಂದು ಮೊಮ್ಮಕ್ಕಳನ್ನು ಕೇಳಿದರೆ ತಡವರಿಸುತ್ತಾರೆ.

ಕೊಬ್ಬರಿಯ ಲೆಕ್ಕ, ಆಳಿನ ಲೆಕ್ಕ, ಮುಯ್ಯಿ ಬಂದ ಲೆಕ್ಕ ಬರೆದಿಟ್ಟ ಪುಸ್ತಕ ನಮ್ಮ ಪ್ರತಿ ಮನೆಯಲ್ಲೂ ಸಿಗುತ್ತದೆ. ಅದರ ಖಾಲಿ ಹಾಳೆಯೊಂದರಲ್ಲಿ ಮನೆಗೆ ಬಂದ ಹೆಂಗಸರ ಹೆಸರು, ತವರೂರು, ಅವರಪ್ಪ ಅವರಮ್ಮನ ಹೆಸರು ಇಷ್ಟನ್ನು ಬರೆಯಿರಿ. ಹೇಳಬಲ್ಲ ದೊಡ್ಡಮ್ಮಂದಿರು ಈಗಲೂ ಇದ್ದಾರೆ. ಮುಂದಿನ ತಿಥಿಗೆ ಊರಿಗೆ ಹೋದಾಗ ಕೇಳಿಕೊಂಡರಾಯಿತು.