ಮೂರನೆಯ ರೈಡ್

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹೊನಲು ಬೆಳಕಿನ ಕಬಡ್ಡಿ ನೋಡುತ್ತ ಕೂತವರು ಎರಡು ರೈಡ್ ಖಾಲಿ ಹೋದವೆಂದರೆ ಎದ್ದು ನಿಲ್ಲುತ್ತಾರೆ. ಮೂರನೆಯದು ಮಾಡು ಇಲ್ಲವೇ ಮಡಿ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿ ಈ ನಿಯಮವನ್ನು ಟೀವಿಯ ಮೂಲಕ ಮನೆಮನೆಗೆ ಮುಟ್ಟಿಸಿತು. ಒಂದು ತಂಡದ ಎರಡು ರೈಡ್ ಸಾಲಾಗಿ ಪಾಯಿಂಟ್ ಇಲ್ಲದೆ ಮುಗಿದರೆ, ಮೂರನೆಯದಕ್ಕೆ ಹೋದವನು ಏನಾದರೂ ಗಳಿಸಿಯೇ ಬರಬೇಕು. ಬರಿಗೈಲಿ ಮರಳಿದರೆ, ಯಾರೂ ಹಿಡಿಯದಿದ್ದರೂ ಅವನು ಔಟ್. ಕೈಯಲ್ಲಿರುವುದು 30 ಸೆಕೆಂಡ್.

ಇದನ್ನು ಎದೆಗಾರಿಕೆಯ ಪರೀಕ್ಷೆ ಅನ್ನುವವರೇ ಹೆಚ್ಚು. ನನಗೆ ಹಾಗನಿಸುವುದಿಲ್ಲ. ರೈಡರನ ಕಾಲು ನೋಡಬೇಕು. ಬೋನಸ್ ಗೆರೆಗೆ ಚಾಚುವ ಕಾಲು, ಮೂಲೆಯವನಿಗೆ ಆಸೆ ತೋರಿಸುವ ಕಾಲು, ನಿಜವಾಗಿ ಮುಟ್ಟಲು ಹೊರಟ ಕಾಲು, ಈ ಮೂರೂ ಅರ್ಧ ದಾರಿಯವರೆಗೆ ಒಂದೇ ಥರ ಇರಬೇಕು. ಕೂದಲೆಳೆಯಷ್ಟು ಬೇರೆಯಾಗಿ ಕಂಡರೂ ಏಳು ಜನರ ಚೈನ್ ಅಲ್ಲೇ ಮುಚ್ಚಿಕೊಳ್ಳುತ್ತದೆ. ಯಾವ ಕವರ್‌ನವನು ಮುಂದಕ್ಕೆ ವಾಲುತ್ತಾನೆ, ಯಾವ ಮೂಲೆಯವನ ಕೈ ಕಣಕಾಲಿಗೆ ತವಕಿಸುತ್ತದೆ ಎಂಬುದೆಲ್ಲ ಮೊದಲ ಎರಡು ರೈಡ್‌ಗಳಲ್ಲೇ ಸಿಕ್ಕಿರಬೇಕು. ಮೂರನೆಯದರಲ್ಲಿ ಹೊಸದಾಗಿ ನೋಡಲು ಪುರುಸೊತ್ತಿಲ್ಲ.

ಇದರಲ್ಲೊಂದು ತಮಾಷೆಯಿದೆ. ಹಿಡಿಯುವವರು ನಿಜಕ್ಕೂ ಏನೂ ಮಾಡಬೇಕಿಲ್ಲ. ದೂರ ಸರಿದು, ಬೋನಸ್ ಬಿಟ್ಟುಕೊಡದೆ 30 ಸೆಕೆಂಡ್ ನಿಂತರೆ ಪಾಯಿಂಟ್ ತಾನಾಗಿ ಬರುತ್ತದೆ. ಆದರೂ ಒಬ್ಬ ಎರಗಿಬಿಡುತ್ತಾನೆ, ತಾನೇ ಹಿಡಿದೆ ಅನ್ನಿಸಿಕೊಳ್ಳುವ ಆಸೆಗೆ. ರೈಡರ್ ಬದುಕುವುದು ಬಹುಪಾಲು ಆ ಆಸೆಯಿಂದಲೇ. 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಪವನ್ ಸೆಹ್ರಾವತ್ 22 ಪಾಯಿಂಟ್ ತಂದು ಬೆಂಗಳೂರು ಬುಲ್ಸ್ ಕಪ್ ಗೆದ್ದಿತು. ಹುಡುಗರಿಗೆ ಅವನ ಜಿಗಿತ ಬೇಕು. ಜಿಗಿತಕ್ಕೂ ಮುಂಚಿನ ಕಾಯುವಿಕೆಯನ್ನು ಯಾರೂ ಅನುಕರಿಸುವುದಿಲ್ಲ. ಅದು ವಿಡಿಯೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಲ್ಲ.

ತೊಡಕಿರುವುದು ಖಾಲಿ ರೈಡಿನಲ್ಲಿ. ಮಧ್ಯದ ಗೆರೆಯಿಂದ 3.75 ಮೀಟರ್ ದೂರದ ಬಾಕ್ ಗೆರೆ ದಾಟಿ ಸುಮ್ಮನೆ ಮರಳಿದವರು ಇಬ್ಬರಿದ್ದಾರೆ ಅನ್ನಿ. ಒಬ್ಬ ಎದುರಾಳಿಗಳನ್ನು ಓದಿಕೊಂಡು ಬಂದಿದ್ದಾನೆ, ಇನ್ನೊಬ್ಬ ಹೆದರಿ ಬಂದಿದ್ದಾನೆ. ಅಂಕಪಟ್ಟಿಯಲ್ಲಿ ಇಬ್ಬರದೂ ಸೊನ್ನೆ. ಮನೆಯಲ್ಲೂ ಹೀಗೆಯೇ. ಮಗಳ ಓದು, ಅಣ್ಣತಮ್ಮಂದಿರ ಪಾಲು, ಬಿಡಬೇಕೆಂದಿರುವ ನೌಕರಿ, ಎಲ್ಲಕ್ಕೂ ನಾವು 'ನೋಡೋಣ ತಡಿ' ಅನ್ನುತ್ತೇವೆ. ನಿಜವಾಗಿ ನೋಡುತ್ತಿದ್ದೇವೆಯೇ ಎಂದು ಕೇಳುವವರಿಲ್ಲ. ಆಟದಲ್ಲಾದರೆ ಮೂರನೆಯ ಸರದಿ ಅದನ್ನು ಕೇಳುತ್ತದೆ.

ಮುಧೋಳದಲ್ಲಿ 949ರಲ್ಲಿ ಹುಟ್ಟಿದ ಕವಿ ರನ್ನ ಇದೇ ಇಕ್ಕಟ್ಟನ್ನು ದುರ್ಯೋಧನನಲ್ಲಿ ಕಂಡಿದ್ದ. 'ಗದಾಯುದ್ಧ'ದಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುವುದು ಭೀಷ್ಮನ ಸಲಹೆಯಂತೆ, ಅಂದಿನ ದಿನ ಕಳೆಯಲಿ ಎಂದು. ಲೆಕ್ಕಾಚಾರ ಸರಿಯಾಗಿಯೇ ಇತ್ತು. ದಂಡೆಯಲ್ಲಿ ನಿಂತು ಭೀಮ ಮೂದಲಿಸಿದ. ಇವನು ಎದ್ದು ಬಂದ. ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದವನು, ಆದರೂ ಓದುವಾಗ ನಮ್ಮ ಮನಸ್ಸು ನೀರಿನಿಂದೆದ್ದವನ ಕಡೆಗೇ ವಾಲುತ್ತದೆ. ಅವನು ಎದ್ದದ್ದು ಧೈರ್ಯದಿಂದಲೋ, ಮೂದಲಿಕೆ ತಾಳಲಾರದೆಯೋ?

ಜಾತ್ರೆಯ ಅಂಕಣದಲ್ಲಿ ಭೀಮನ ಕೆಲಸ ಸುತ್ತ ನಿಂತ ಜನರದು. "ಏನ್ ನೋಡ್ಕೋಂತ ನಿಂತೀಯೋ, ಹೋಗಲೇ!" ಎಂದು ಮೊದಲ ರೈಡಿನಲ್ಲೇ ಕೂಗುತ್ತಾರೆ. ಆ ಕೂಗಿಗೆ ನುಗ್ಗಿ ಸಿಕ್ಕಿಬಿದ್ದವನಿಗೂ ಅವರೇ ಬೈಯುತ್ತಾರೆ. ಅವರ ಕಡೆ ತಿರುಗದೆ, ಎದುರಿನ ಕಾಲುಗಳನ್ನೇ ನೋಡುತ್ತ ಬರಿಗೈಲಿ ಮರಳುವ ಹುಡುಗನ ಮೇಲೆ ನನಗೆ ಹೆಚ್ಚು ನಂಬಿಕೆ. ಮೂರನೆಯದರಲ್ಲಿ ಅವನೂ ಔಟಾಗಬಹುದು.