ನಡುಕ ಎಲ್ಲಿಗೆ ಹೋಗುತ್ತದೆ?

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗುವ ರಸ್ತೆ ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಅಲ್ಲಲ್ಲಿ ಕಣವಾಗುತ್ತದೆ. ಡಾಂಬರಿನ ಮೇಲೆ ಕಾಳು ಹರವಿ, ಅಂಚಿಗೆ ಕಲ್ಲಿಟ್ಟು, ಆಗಾಗ ಕಾಲಲ್ಲಿ ಸಾಲು ಎಳೆಯುತ್ತಾ ಹೆಂಗಸರು ಒಣಗಿಸುತ್ತಾರೆ. ಐದು ವರ್ಷದ ಹಿಂದೆ ದೀಪಾವಳಿಗೆ ಬೆಂಗಳೂರಿನಿಂದ ಬೈಕಲ್ಲೇ ಬಂದಿದ್ದೆ. ಆಗಷ್ಟೇ ತಗೊಂಡಿದ್ದ ರಾಯಲ್ ಎನ್‌ಫೀಲ್ಡ್ 650 ಟ್ವಿನ್. ಶಿರಾಳಕೊಪ್ಪ ಬಿಟ್ಟ ಮೇಲೆ ರಸ್ತೆ ಖಾಲಿ ಇತ್ತು, ಮೀಟರ್ ನೂರು ದಾಟಿತ್ತು. ಒಂದು ತಿರುವು ಮುಗಿದದ್ದೇ ಎದುರಿಗೆ ಜೋಳ, ಜೋಳದ ನಡುವೆ ಒಬ್ಬ ಅಜ್ಜಿ.

ಕಾಳಿನ ಮೇಲೆ ಬ್ರೇಕ್ ಹಿಡಿಯುವುದೂ ಒಂದೇ, ಗೋಲಿಗಳ ಮೇಲೆ ಹಿಡಿಯುವುದೂ ಒಂದೇ. ಹೇಗೋ ಬಲಕ್ಕೆ ಎಳೆದೆ. ಅಜ್ಜಿಯ ಸೆರಗು ಹಾರುವಷ್ಟು ಹತ್ತಿರದಲ್ಲಿ ಹಾದುಹೋದೆ. ನಿಲ್ಲಿಸಿ ಹಿಂತಿರುಗಿ ನೋಡಿದರೆ ಆಕೆ ಕೂಗುತ್ತಿದ್ದದ್ದು ಒಂದೇ ಮಾತು: "ಕಾಳೆಲ್ಲಾ ಚೆಲ್ಲಾಡಿದ್ಯಲ್ಲೋ!" ಅವಳಿಗೆ ಕಾಳಿನ ಚಿಂತೆ. ಏನಾಗುವುದಿತ್ತು ಅಂತ ಗೊತ್ತಿದ್ದದ್ದು ನನಗೊಬ್ಬನಿಗೆ. ಕಾಳು ಗುಡ್ಡೆ ಮಾಡಿಕೊಟ್ಟು ಹೊರಟೆ. ಮನೆ ಮುಟ್ಟುವವರೆಗೂ ಕೈ ನಡುಗುತ್ತಿತ್ತು.

ಈ ನಡುಕದ ವಿಷಯದಲ್ಲಿ ಎಂಜಿನ್ ಮಾಡುವವರಿಗೆ ಗೊತ್ತಿರುವ ಒಂದು ಸತ್ಯ ನಮಗೂ ಗೊತ್ತಿರಬೇಕು ಅಂತ ಆಮೇಲೆ ಅನ್ನಿಸಿತು.

ನಾನು ಚಿಕ್ಕವನಿದ್ದಾಗ ಅಪ್ಪನ ಹತ್ತಿರ ಯೆಜ್ಡಿ ಇತ್ತು. 1996ರಲ್ಲಿ ಮುಚ್ಚಿಹೋದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಕಿಕ್ ಹೊಡೆಯುವುದೂ ಗೇರ್ ಹಾಕುವುದೂ ಒಂದೇ ಲಿವರ್‌ನಲ್ಲಿ. ಸಂತೆಗೆ ಹೋಗಿ ಬಂದರೆ ಅಪ್ಪನ ಅಂಗೈ ಜುಮ್ಮೆನ್ನುತ್ತಿತ್ತಂತೆ. ಅದು ಸಿಂಗಲ್ ಸಿಲಿಂಡರ್. ಒಂದೇ ಪಿಸ್ಟನ್ ಮೇಲೆ ಕೆಳಗೆ ಬಡಿಯುತ್ತದೆ. ಆ ಹೊಡೆತ ತಗ್ಗಿಸಲು ಕ್ರ್ಯಾಂಕಿಗೆ ಎದುರು ತೂಕ ಕೊಡುತ್ತಾರೆ. ಆದರೆ ಪಿಸ್ಟನ್ ಹೋಗುವುದು ನೇರ, ಆ ತೂಕ ಸುತ್ತುವುದು ವೃತ್ತದಲ್ಲಿ. ಹಾಗಾಗಿ ಮೇಲೆ-ಕೆಳಗಿನ ನಡುಕ ಎಷ್ಟು ಕಮ್ಮಿಯಾಯಿತೋ ಅಷ್ಟು ಹಿಂದೆ-ಮುಂದಿನ ನಡುಕ ಹುಟ್ಟುತ್ತದೆ.

ಎರಡು ಪಿಸ್ಟನ್ ಪಕ್ಕಪಕ್ಕ ಇಟ್ಟು, ಒಂದು ಏರುವಾಗ ಇನ್ನೊಂದು ಇಳಿಯುವಂತೆ 180 ಡಿಗ್ರಿಗೆ ಕೂರಿಸಿದರೆ ಆ ಹೊಡೆತಗಳು ಒಂದನ್ನೊಂದು ಕಳೆಯುತ್ತವೆ. ಆದರೆ ಎಂಜಿನ್ ತಕ್ಕಡಿಯ ಹಾಗೆ ಅತ್ತಿತ್ತ ತೂಗುತ್ತದೆ. ನಾಲ್ಕನ್ನು ಸಾಲಾಗಿಟ್ಟರೆ ತೂಗಾಟವೂ ನಿಲ್ಲುತ್ತದೆ. ಆದರೆ ಕ್ರ್ಯಾಂಕಿನ ಒಂದು ಸುತ್ತಿಗೆ ಎರಡು ಸಲ ಬರುವ ಸಣ್ಣ ನಡುಕ ಉಳಿಯುತ್ತದೆ, ಎಂಜಿನ್ನೂ ಅಗಲವಾಗುತ್ತದೆ. 90 ಡಿಗ್ರಿಯ ವಿ-ಟ್ವಿನ್ ನಯವಾಗಿ ಓಡುತ್ತದೆ, ಆದರೆ ಫ್ರೇಮಿನಲ್ಲಿ ಜಾಗ ಜಾಸ್ತಿ ಕೇಳುತ್ತದೆ. ನನ್ನ 650ಯದು 270 ಡಿಗ್ರಿ ಕ್ರ್ಯಾಂಕ್. ಕೇಳಲು ವಿ-ಟ್ವಿನ್ನಿನ ಲಯ, ಒಳಗೆ ನಡುಕ ನುಂಗಲು ಒಂದು ಬ್ಯಾಲೆನ್ಸರ್ ಶಾಫ್ಟ್. ಆ ಶಾಫ್ಟಿನ ತೂಕವನ್ನೂ ಎಂಜಿನ್ನೇ ಹೊರಬೇಕು. ಯಾವ ವಿನ್ಯಾಸದಲ್ಲೂ ನಡುಕ ಪುಕ್ಕಟೆ ಮಾಯವಾಗುವುದಿಲ್ಲ. ಅದನ್ನು ಯಾರು, ಯಾವ ರೂಪದಲ್ಲಿ ಹೊರಬೇಕು ಅಂತ ಇಂಜಿನಿಯರ್ ನಿರ್ಧರಿಸುತ್ತಾನೆ, ಅಷ್ಟೇ.

ವೇಗದ ಅಪಾಯವೂ ಹೀಗೇ. ಶಿರಾಳಕೊಪ್ಪದ ರಸ್ತೆಯಲ್ಲಿ ಮಜಾ ನನ್ನದು, ಅಪಾಯದ ದೊಡ್ಡ ಪಾಲು ಅಜ್ಜಿಯದು. ಅವಳನ್ನು ನಾನು ಕೇಳಿರಲಿಲ್ಲ.

"ಅಷ್ಟು ಆಸೆ ಇದ್ರೆ ಟ್ರ್ಯಾಕಿಗೆ ಹೋಗು ಮಾರಾಯ" ಅಂದರು ಗೆಳೆಯರು. ಬೆಂಗಳೂರಿನವರಿಗೆ ಟ್ರ್ಯಾಕ್ ಅಂದರೆ ಸಾಮಾನ್ಯವಾಗಿ ಚೆನ್ನೈ ಹತ್ತಿರದ ಇರುಂಗಾಟುಕೋಟೈ ಅಥವಾ ಕೊಯಮತ್ತೂರಿನ ಕರಿ. ಮುಂದಿನ ವರ್ಷ ನಾನೂ ಒಂದು ಟ್ರ್ಯಾಕ್ ಡೇಗೆ ಹೋದೆ. ಎದುರಿನಿಂದ ಲಾರಿ ಬರುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ. ಅದೇ ತಿರುವು ಮತ್ತೆ ಮತ್ತೆ ಬರುತ್ತದೆ, ಹೋದ ಸುತ್ತಿನ ತಪ್ಪನ್ನು ಈ ಸುತ್ತಿನಲ್ಲಿ ತಿದ್ದಬಹುದು. ಬದುಕಿನಲ್ಲಿ ಇಂಥ ಅವಕಾಶ ಎಲ್ಲಿ ಸಿಗುತ್ತದೆ? ಹತ್ತು ವರ್ಷ ಬೈಕ್ ಓಡಿಸಿ ಕಲಿಯದ್ದನ್ನು ಅರ್ಧ ದಿನದಲ್ಲಿ ಕಲಿತೆ: ಬ್ರೇಕಿನ ಕೆಲಸ ತಿರುವಿಗೆ ಮೊದಲೇ ಮುಗಿಯಬೇಕು, ಕಣ್ಣು ಎಲ್ಲಿ ಹೋಗುತ್ತದೋ ಬೈಕೂ ಅಲ್ಲಿಗೇ ಹೋಗುತ್ತದೆ.

ಮಧ್ಯಾಹ್ನ ಆ ಪಾಠ ಮರೆತೆ. ಪೂರ್ತಿ ವಾಲಿಸಿದ್ದಾಗ ಮುಂದಿನ ಬ್ರೇಕ್ ಹಿಡಿದೆ, ಚಕ್ರ ಜಾರಿತು, ನಾನೂ ಬೈಕೂ ಬೇರೆ ಬೇರೆ ದಾರಿ ಹಿಡಿದೆವು. ಶುದ್ಧ ನನ್ನದೇ ತಪ್ಪು. ಲೆದರ್ ಸೂಟ್ ಇದ್ದದ್ದಕ್ಕೆ ಚರ್ಮ ಉಳಿಯಿತು, ಹಿಮ್ಮಡಿಯ ಮೂಳೆ ಬಿರುಕು ಬಿಟ್ಟಿತು. ಹಳದಿ ಬಾವುಟ ಬೀಸುತ್ತಾ ಇಬ್ಬರು ಮಾರ್ಷಲ್‌ಗಳು ಓಡಿಬಂದರು. ಒಬ್ಬ ಇನ್ನೂ ಕಾಲೇಜು ಹುಡುಗನ ಹಾಗಿದ್ದ. ಅವನ ಬೆನ್ನ ಹಿಂದೆ ಬೈಕುಗಳು ಇನ್ನೂ ಹಾಯುತ್ತಲೇ ಇದ್ದವು. ಅವನು ಒಪ್ಪಿಯೇ ಅಲ್ಲಿ ನಿಂತವನು, ನಿಜ. ಬೆಳಿಗ್ಗೆ ನಾನೂ 'ಏನಾದರೂ ಆದರೆ ನಾನೇ ಹೊಣೆ' ಅಂತ ಸಹಿ ಹಾಕಿದ್ದೆ. ಎಲ್ಲರೂ ಒಪ್ಪಿದ್ದೇವೆ, ಲೆಕ್ಕ ಚುಕ್ತಾ ಅಂದುಕೊಂಡಿದ್ದೆ.

ಆದರೆ ಅದೇ ಫಾರ್ಮಿನಲ್ಲಿ ಇನ್ನೊಂದು ಖಾನೆ ಇತ್ತು: ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು? ನಾನು ರೂಮ್‌ಮೇಟ್‌ನ ನಂಬರ್ ಬರೆದಿದ್ದೆ. ಅವ್ವನದು ಬರೆದರೆ ಅವಳಿಗೆ ಗೊತ್ತಾಗುತ್ತದಲ್ಲ! ಕಾಲಿಗೆ ಪಟ್ಟಿ ಹಾಕಿಸಿಕೊಂಡು "ಆಫೀಸಿನ ಮೆಟ್ಟಿಲಲ್ಲಿ ಜಾರಿದೆ" ಅಂದೆ. ಊರಿಂದ ಬಂದ ಅವ್ವ ಮೂರು ವಾರ ನನಗೆ ಸ್ನಾನಕ್ಕೆ ನೀರು ಹೊತ್ತು ಕೊಟ್ಟಳು. ಟ್ರ್ಯಾಕಿನಲ್ಲಿ ಹುಟ್ಟಿದ ನಡುಕ ಕೊನೆಗೆ ಬಂದು ನಿಂತದ್ದು ಫಾರ್ಮಿನಲ್ಲಿ ಹೆಸರೇ ಇಲ್ಲದವಳ ಸೊಂಟದ ಮೇಲೆ.

2023ರ ಆಗಸ್ಟ್ 5ರಂದು ಚೆನ್ನೈನ ಟ್ರ್ಯಾಕಿನಲ್ಲಿ, ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ರೇಸಿನಲ್ಲಿ ಬಿದ್ದು ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ತೀರಿಕೊಂಡ. ಆ ಮನೆಯವರ ಬಗ್ಗೆ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಮಗನ ಕನಸಿನ ಜೊತೆ ಗೊತ್ತಿದ್ದೇ ನಿಲ್ಲುವವರ ಧೈರ್ಯ ದೊಡ್ಡದು. ನನ್ನನ್ನು ಕಾಡಿದ್ದು ನನ್ನದೇ ಸಣ್ಣತನ: ಮೂವತ್ತು ದಾಟಿದ ನಾನು ಮನೆಯಲ್ಲಿ ಒಂದು ಮಾತು ಹೇಳುವ ಧೈರ್ಯವನ್ನೂ ಮಾಡಿರಲಿಲ್ಲ.

ನಮ್ಮ ಕಡೆ ದೀಪಾವಳಿ ಮುಗಿದ ಮೇಲೆ ಹೋರಿ ಹಬ್ಬ. ಶಿಕಾರಿಪುರ, ಸೊರಬ, ಆಚೆ ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಕೊಬ್ಬರಿ ಸರ, ಬಲೂನು, ಬಣ್ಣದ ಪಟ್ಟಿ ಕಟ್ಟಿದ ಹೋರಿಗಳನ್ನು ಜನರ ನಡುವೆ ಓಡಬಿಡುತ್ತಾರೆ. ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯುತ್ತಾರೆ. ಸಾವುಗಳೂ ಆಗಿವೆ. ಸತ್ತವರಲ್ಲಿ ಹಿಡಿಯಲು ಹೋದವರಷ್ಟೇ ಅಲ್ಲ, ಬದಿಗೆ ನಿಂತು ನೋಡುತ್ತಿದ್ದವರೂ ಇದ್ದಾರೆ. ಹೋರಿಯನ್ನಂತೂ ಯಾರೂ ಕೇಳಿದ್ದಿಲ್ಲ. ಬೆಂಗಳೂರಲ್ಲಿ ಕೂತು ಇದನ್ನು ಹುಚ್ಚು ಅನ್ನುವುದು ಸುಲಭ, ನಾನೂ ಅಂದಿದ್ದೇನೆ. ಆದರೆ ಅಲ್ಲಿ ಒಂದಂತೂ ಇದೆ. ಹೋರಿ ಹಿಡಿಯಲು ಹೋದವನ ಅವ್ವನಿಗೆ ಮಗ ಎಲ್ಲಿದ್ದಾನೆ ಅಂತ ಗೊತ್ತಿರುತ್ತದೆ. ಬೈದುಕೊಂಡೇ ಕಾಯುತ್ತಿರುತ್ತಾಳೆ.

ಕಳೆದ ದೀಪಾವಳಿಯಲ್ಲಿ, ಹೋರಿ ನೋಡಿ ಬಂದ ಸಂಜೆ, ಅವ್ವನಿಗೆ ಎಲ್ಲಾ ಹೇಳಿದೆ. ಟ್ರ್ಯಾಕ್, ಹಿಮ್ಮಡಿ, ಮೆಟ್ಟಿಲಿನ ಸುಳ್ಳು, ಜೋಳದ ಅಜ್ಜಿ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ "ಆ ಮುದುಕಿಗೆ ಹೇಳಿದ್ಯಾ?" ಅಂತ ಕೇಳಿದಳು. ಇಲ್ಲ ಅಂದೆ. "ಹೋಗಿ ಹೇಳಿ ಬಾ. ನಿನ್ನ ಟ್ರ್ಯಾಕೋ ಪಾಕೋ, ಹೋಗೋದಾದ್ರೆ ಹೇಳಿ ಹೋಗು."

ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಮರುದಿನ ಆ ತಿರುವಿನವರೆಗೂ ಹೋಗಿ ಬಂದೆ. ಕಣ ಇತ್ತು, ಅಜ್ಜಿ ಇರಲಿಲ್ಲ. ಕಾಲಾಡಿಸುತ್ತಿದ್ದ ಹೆಂಗಸನ್ನು ಕೇಳಲು ಬಾಯಿ ಬರಲಿಲ್ಲ.

ಮೊನ್ನೆ ಮತ್ತೆ ಟ್ರ್ಯಾಕಿಗೆ ಹೋಗಿದ್ದೆ. ಆ ಖಾನೆಯಲ್ಲಿ ಅವ್ವನ ನಂಬರ್ ಬರೆದೆ. ಬಿದ್ದಿದ್ದ ತಿರುವಿನಲ್ಲಿ ಪ್ರತಿ ಸಲವೂ ಹತ್ತು ಮೀಟರ್ ಮೊದಲೇ ಬ್ರೇಕ್ ಹಿಡಿಯುತ್ತಿದ್ದೆ. ಸುತ್ತಿಗೆ ಎರಡು ಸೆಕೆಂಡ್ ತಡವಾಯಿತು. ಇರಲಿ ಬಿಡಿ.