ಗಾಲಿಯ ಮೇಲಿನ ಎರಡು ಮನೆಗಳು

ಫ್ರಾನ್ಸಿನ ಲ್ವಾರ್ ನದಿಯ ಕಣಿವೆ ಬೇಸಿಗೆಯಲ್ಲಿ ಪ್ರವಾಸಿಗರಿಂದ ತುಂಬಿ ತುಳುಕುತ್ತದೆ. ಸುಮಾರು 1,000 ಕಿಲೋಮೀಟರ್ ಹರಿಯುವ ಈ ನದಿಯ ಆಸುಪಾಸಿನಲ್ಲಿ ಹಳೆಯ ಅರಸರ, ಶ್ರೀಮಂತರ ಅರಮನೆಗಳು ಸಾಲಾಗಿ ನಿಂತಿವೆ. 2000ರಲ್ಲಿ ಯುನೆಸ್ಕೋ ಈ ಕಣಿವೆಯ ನಡುಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಅಕ್ಟೋಬರ್ ಕಳೆಯುತ್ತಿದ್ದಂತೆ ಜನ ಕರಗುತ್ತಾರೆ. ಕ್ಯಾಂಪಿಂಗ್ ತಾಣಗಳಲ್ಲಿ ಅನೇಕವು ಬಾಗಿಲು ಹಾಕುತ್ತವೆ. ನೀರು ಹೆಪ್ಪುಗಟ್ಟಿ ಪೈಪು ಒಡೆಯಬಾರದೆಂದು ಎಷ್ಟೋ ಕಡೆ ಸಾರ್ವಜನಿಕ ನಲ್ಲಿಗಳನ್ನೂ ಬಂದ್ ಮಾಡುತ್ತಾರೆ. ನದಿ ಉಕ್ಕಿದರೆ ದಂಡೆಯ ನಿಲುಗಡೆ ಜಾಗಗಳು ಮುಳುಗುವುದೂ ಉಂಟು.

ಈ ಕಾಲವನ್ನೇ ಕಾದು ಬರುವ ಒಂದು ವರ್ಗವಿದೆ. ಅಡುಗೆಮನೆ, ಹಾಸಿಗೆ, ಶೌಚಾಲಯ, ಹೀಟರ್ ಎಲ್ಲವೂ ಒಳಗೇ ಇರುವ ಮೋಟರ್‌ಹೋಮ್‌ನಲ್ಲಿ ಅವರು ಬರುತ್ತಾರೆ. ಹೆಚ್ಚಾಗಿ ನಿವೃತ್ತರು; ಮಕ್ಕಳ ಶಾಲೆ, ಕಚೇರಿಯ ರಜೆ ಎಂಬ ಹಂಗಿಲ್ಲದವರು. ಜರ್ಮನಿಯ ಮೋಸೆಲ್ ಮತ್ತು ರೈನ್, ಆಸ್ಟ್ರಿಯಾದ ಡಾನ್ಯೂಬ್ ಕಣಿವೆಗಳಲ್ಲೂ ಈ ವಾಹನಗಳು ಕಾಣುತ್ತವೆ. ಮಂಜು ಮುಸುಕಿದ ನದಿ, ಖಾಲಿ ರಸ್ತೆ, ಸಾಲಿಲ್ಲದ ಅರಮನೆ. ಈ ಸುಖವನ್ನು ನಾವು ಹಗುರವಾಗಿ ಕಾಣಬೇಕಿಲ್ಲ. ದುಡಿದು ದಣಿದ ಬದುಕಿಗೆ ಅವಸರವಿಲ್ಲದ ಪಯಣ ದೊಡ್ಡ ಭಾಗ್ಯವೇ ಸರಿ.

ಅವರಿಗೆ ಸಿಗುವ ಸ್ವಾಗತವೂ ಗಮನಾರ್ಹ. ಊರ ಪುರಸಭೆಗಳೇ ಅವರಿಗಾಗಿ ಜಾಗ ಮಾಡಿಕೊಟ್ಟಿವೆ. ಅಲ್ಲಿ ನೀರು ತುಂಬಿಕೊಳ್ಳಬಹುದು, ಕೊಳಚೆ ಖಾಲಿ ಮಾಡಬಹುದು. 1993ರಲ್ಲಿ ಶುರುವಾದ ‘ಫ್ರಾನ್ಸ್ ಪಾಸಿಯೋಂ’ ಎಂಬ ಏರ್ಪಾಡು ಇನ್ನೂ ಸೊಗಸಾದದ್ದು. ಅದರ ಸದಸ್ಯರನ್ನು ರೈತರು, ದ್ರಾಕ್ಷಿ ಬೆಳೆಗಾರರು ತಮ್ಮ ಹೊಲದಂಚಿನಲ್ಲಿ 24 ಗಂಟೆ ಉಚಿತವಾಗಿ ತಂಗಲು ಬಿಡುತ್ತಾರೆ. ಏನನ್ನೂ ಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಬಂದಾಗ ಮನೆಯವರನ್ನು ಕಂಡು ಮಾತಾಡಿಸಬೇಕು, ಹೊರಡುವಾಗ ಹೇಳಿ ಹೋಗಬೇಕು. ಹೋಟೆಲುಗಳ ಕಾಲದಲ್ಲಿ ಅತಿಥಿ ಎಂಬ ಹಳೆಯ ಪದಕ್ಕೆ ಮತ್ತೆ ಜೀವ ಬಂದಂತಿದೆ.

ಇದೇ ಕಣಿವೆಯಲ್ಲಿ ಗಾಲಿಯ ಮೇಲಿನ ಮನೆಗೆ ಇನ್ನೊಂದು ಚರಿತ್ರೆಯೂ ಇದೆ.

ಸೋಮ್ಯೂರ್ ಪಟ್ಟಣದಿಂದ ದಕ್ಷಿಣಕ್ಕೆ ಹದಿನೈದು ಕಿಲೋಮೀಟರ್ ಆಚೆ, ಲ್ವಾರ್‌ನ ಉಪನದಿಯಾದ ತೂಏ ದಂಡೆಯಲ್ಲಿ ಮೊಂತ್ರಯ್-ಬೆಲೆ ಎಂಬ ಊರಿದೆ. ಚೆಂದದ ಕೋಟೆಯ ಊರು. 1941ರಿಂದ 1945ರವರೆಗೆ ಇಲ್ಲಿ ಮುಳ್ಳುತಂತಿಯ ಶಿಬಿರವೊಂದಿತ್ತು. ಅಲೆಮಾರಿಗಳನ್ನು ಕೂಡಿಹಾಕಲು ಫ್ರಾನ್ಸಿನಲ್ಲಿದ್ದ ಶಿಬಿರಗಳಲ್ಲೇ ಅತ್ಯಂತ ದೊಡ್ಡದು. ಕುದುರೆಗಾಡಿಗಳಲ್ಲಿ ಊರೂರು ತಿರುಗಿ ಬುಟ್ಟಿ ಹೆಣೆದು, ಪಾತ್ರೆಗೆ ಕಲಾಯಿ ಹಾಕಿ, ಸಂಗೀತ ನುಡಿಸಿ ಬದುಕುತ್ತಿದ್ದ ಕುಟುಂಬಗಳನ್ನು ಮಕ್ಕಳು ಮುದುಕರೆನ್ನದೆ ಅಲ್ಲಿ ತುಂಬಲಾಯಿತು. ಕಾವಲು ಕಾದವರು ಫ್ರೆಂಚ್ ಪೊಲೀಸರು. ಹಸಿವು, ಚಳಿ, ರೋಗಗಳಿಂದ ಅನೇಕರು ಸತ್ತರು. ಅಲೆಮಾರಿಗಳು ಸಂಚರಿಸಕೂಡದೆಂದು ಸುಗ್ರೀವಾಜ್ಞೆ ಹೊರಟದ್ದು 1940ರ ಏಪ್ರಿಲ್ 6ರಂದು. ಅಂದರೆ ಜರ್ಮನ್ ಸೇನೆ ಫ್ರಾನ್ಸಿಗೆ ಕಾಲಿಡುವುದಕ್ಕೂ ಮುಂಚೆ. ಹಾಗಾಗಿ ಎಲ್ಲ ಪಾಪವನ್ನೂ ಹಿಟ್ಲರನ ಲೆಕ್ಕಕ್ಕೆ ಬರೆಯುವಂತಿಲ್ಲ. 2016ರ ಅಕ್ಟೋಬರ್‌ನಲ್ಲಿ ಅಂದಿನ ಅಧ್ಯಕ್ಷ ಫ್ರಾಂಸ್ವಾ ಒಲಾಂದ್ ಇಲ್ಲಿಗೆ ಬಂದು ಫ್ರಾನ್ಸಿನ ಹೊಣೆಯನ್ನು ಒಪ್ಪಿಕೊಂಡರು. ಈಗ ಉಳಿದಿರುವುದು ಕೆಲವು ಮೆಟ್ಟಿಲುಗಳು, ಅಡಿಪಾಯಗಳು, ನೆಲದಡಿಯ ಒಂದು ಸೆರೆಕೋಣೆ.

ಸಂಶಯದ ಬೇರು ಇನ್ನೂ ಹಳೆಯದು. 1912ರ ಕಾನೂನು ಅಲೆಮಾರಿಗಳ ಕೈಗೆ ಬೆರಳಚ್ಚು, ಭಾವಚಿತ್ರ, ದೇಹದ ಅಳತೆಗಳಿದ್ದ ಪುಸ್ತಕವನ್ನು ಕೊಟ್ಟಿತು. ಯಾವ ಊರಿಗೆ ಹೋದರೂ ಅದಕ್ಕೆ ಮುದ್ರೆ ಒತ್ತಿಸಬೇಕು. 1969ರಲ್ಲಿ ಅದು ಹೋಗಿ ಬೇರೆ ಬಗೆಯ ಸಂಚಾರ ಪುಸ್ತಕ ಬಂತು. ಒಂದು ಊರಿಗೆ ಹೆಸರು ಜೋಡಿಸಿಕೊಂಡು ಮೂರು ವರ್ಷ ಕಳೆಯದೆ ಮತದಾನದ ಹಕ್ಕಿಲ್ಲ ಎಂಬ ನಿಯಮವೂ ಬಂತು. ಈ ನಿಯಮವನ್ನು ಸಂವಿಧಾನ ಮಂಡಳಿ 2012ರಲ್ಲಿ ತೆಗೆದುಹಾಕಿತು. ಪುಸ್ತಕ ಪೂರ್ತಿ ರದ್ದಾದದ್ದು 2017ರಲ್ಲಿ. ಇವರು ಪರದೇಶಿಗಳಲ್ಲ, ತಲೆಮಾರುಗಳಿಂದ ಫ್ರೆಂಚ್ ಪ್ರಜೆಗಳು ಎಂಬುದನ್ನು ನೆನಪಿಡಬೇಕು. ಅವರಲ್ಲಿ ಒಂದು ಪಾಲು ಜನರ ಪೂರ್ವಿಕರು ನೂರಾರು ವರ್ಷಗಳ ಹಿಂದೆ ನಮ್ಮ ಉಪಖಂಡದಿಂದ ಹೊರಟವರು. ರೊಮಾನಿ ಭಾಷೆಯಲ್ಲಿ ನೀರಿಗೆ ಇಂದಿಗೂ ‘ಪಾನಿ’ ಎನ್ನುತ್ತಾರೆ. ನಾವೂ ಬೆನ್ನು ತಟ್ಟಿಕೊಳ್ಳುವಂತಿಲ್ಲ. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟು ಕಾಯ್ದೆ 1952ರಲ್ಲಿ ರದ್ದಾದರೂ ಅದು ಹಚ್ಚಿದ ಮಸಿ ನಮ್ಮ ಅಲೆಮಾರಿಗಳ ಮೈಯಿಂದ ಪೂರ್ತಿ ಹೋಗಿಲ್ಲ.

ಹಾಗಾದರೆ ಎರಡು ಮನೆಗಳ ನಡುವೆ ವ್ಯತ್ಯಾಸವೇನು? ಎರಡಕ್ಕೂ ಗಾಲಿಗಳಿವೆ, ಎರಡಕ್ಕೂ ನೀರು ಬೇಕು, ಎರಡೂ ಕೊಳಚೆ ಬಿಡುತ್ತವೆ. ಅಲೆಮಾರಿಗಳು ದೊಡ್ಡ ಗುಂಪಾಗಿ ಬಂದು ಆಟದ ಮೈದಾನದಲ್ಲಿ ಬೀಡುಬಿಡುತ್ತಾರೆ ಎಂದು ಊರವರು ದೂರುತ್ತಾರೆ. ಆ ದೂರಿನಲ್ಲಿ ಸತ್ಯವಿದೆ. ಆದರೆ 5,000ಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳು ಅವರಿಗೆ ಜಾಗ ಒದಗಿಸಬೇಕೆಂದು 2000ದ ಕಾನೂನು ಹೇಳಿದ ಮೇಲೂ ಎಷ್ಟೋ ಊರುಗಳು ವರ್ಷಗಟ್ಟಲೆ ಕೈಕಟ್ಟಿ ಕುಳಿತವು. ಒದಗಿಸಿದ ಜಾಗಗಳಾದರೂ ಎಲ್ಲಿ? ಸೆನ್ ನದಿಯ ಕಣಿವೆಯ ರುವಾಂ ನಗರದಲ್ಲಿ 2019ರ ಸೆಪ್ಟೆಂಬರ್ 26ರಂದು ಲುಬ್ರಿಝೋಲ್ ರಾಸಾಯನಿಕ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿಂದ ಕೆಲವೇ ನೂರು ಮೀಟರ್ ದೂರದಲ್ಲಿತ್ತು ಅಲೆಮಾರಿಗಳಿಗೆಂದು ಸರಕಾರವೇ ಗೊತ್ತುಪಡಿಸಿದ ಜಾಗ. ತಮ್ಮನ್ನು ಯಾರೂ ಅಲ್ಲಿಂದ ಸಾಗಿಸಲಿಲ್ಲವೆಂದು ಆ ಕುಟುಂಬಗಳು ದೂರಿದವು.

ಜರ್ಮನ್ ಚಿಂತಕ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆಯುತ್ತಾ, ಪರಕೀಯನಿಗೆ ಬಂದು ಹೋಗುವ ಹಕ್ಕಿದೆ, ಅತಿಥಿಯಾಗಿ ಉಳಿಯುವ ಹಕ್ಕಿಲ್ಲ ಎಂದು ಗೆರೆ ಎಳೆದ. (ತನ್ನ ಸೀಮೆಯನ್ನು ದಾಟಿ ಹೋಗದ ಮನುಷ್ಯ ಪ್ರಯಾಣಿಕರ ಹಕ್ಕಿನ ಬಗ್ಗೆ ಇಷ್ಟು ಯೋಚಿಸಿದ್ದು ಸೋಜಿಗ.) ಭೂಮಿ ದುಂಡಗಿದೆ, ಮನುಷ್ಯರು ಒಬ್ಬರಿಂದೊಬ್ಬರು ಕೊನೆಯಿಲ್ಲದೆ ದೂರ ಹೋಗುತ್ತಲೇ ಇರಲಾರರು, ಆದ್ದರಿಂದ ಪರಸ್ಪರ ಸಹಿಸಲೇಬೇಕು ಎಂಬುದು ಅವನ ತರ್ಕ. ಆದರೆ ಎಲ್ಲರಿಗೂ ಮರಳಲು ಇನ್ನೊಂದು ಮನೆ ಇದ್ದೇ ಇರುತ್ತದೆ ಎಂದು ಆ ಗೆರೆ ಊಹಿಸಿಕೊಂಡಿದೆ. ಮೋಟರ್‌ಹೋಮಿನ ದಂಪತಿಯ ಹಿಂದೆ ಎಲ್ಲೋ ಒಂದು ಇಟ್ಟಿಗೆಯ ಮನೆ, ವಿಳಾಸ, ಪಿಂಚಣಿ ಇರುತ್ತದೆ. 24 ಗಂಟೆ ಮುಗಿದರೆ ಅವರು ಹೋಗುತ್ತಾರೆ ಎಂಬ ಖಾತರಿ ಇರುವುದರಿಂದಲೇ ಗೇಟು ತೆರೆಯುತ್ತದೆ. ಅಲೆಮಾರಿಗೆ ಬಂಡಿಯೇ ಮನೆ. ಅವನು ಹೊರಟರೂ ಹೋಗುವುದು ಮತ್ತೊಂದು ಊರಿನ ಅಂಚಿಗೇ.

ಹೋಗುವವನೆಂದು ಖಾತರಿಯಾದ ಮೇಲೆ ಕೊಡುವ ಜಾಗವನ್ನು ಆತಿಥ್ಯವೆನ್ನಬೇಕೋ, ಬರೀ ಸೌಜನ್ಯವೆನ್ನಬೇಕೋ? ಸೌಜನ್ಯವೂ ಸಣ್ಣದಲ್ಲ, ಹೊಲದಂಚಿನ ಆ ರೈತನನ್ನು ನಾವು ಹಳಿಯುತ್ತಿಲ್ಲ. ಆದರೆ ಆತಿಥ್ಯದ ಪರೀಕ್ಷೆ ನಡೆಯುವುದು ಅವನ ಹೊಲದಲ್ಲಲ್ಲ, ಊರಾಚೆಯ ಹೆದ್ದಾರಿ ಬದಿಯ ಜಾಗದಲ್ಲಿ. ಅಲ್ಲಿ ದಿನದ ಬಾಡಿಗೆ ತೆತ್ತು ನಿಂತ ಬಂಡಿಯಲ್ಲೂ ಶಾಲೆಗೆ ಹೋಗಬೇಕಾದ ಮಕ್ಕಳಿದ್ದಾರೆ, ಅವರಿಗೂ ಚಳಿಗಾಲ ಬರುತ್ತದೆ. ಅವರ ಪಾಲಿಗೆ ಅದು ಆಫ್ ಸೀಸನ್ ಅಲ್ಲ.